ಮಗಳ ತೋಳಿನ ಪಟ್ಟಿ

ವರ್ಮಾಂಟ್, 1809 ಮಾರ್ಚ್ 14, ಮಂಗಳವಾರ

ಲವೀನಾಳ ಜ್ವರ ಇಳಿದಿಲ್ಲ. ಜ್ವರ ಬಂದವರ ತೋಳಿನಿಂದ ಬಟ್ಟಲು ತುಂಬ ರಕ್ತ ತೆಗೆಯದಿದ್ದರೆ ಈ ಕಣಿವೆಯ ಜನ ಯಾರನ್ನೂ ವೈದ್ಯನೆಂದು ಒಪ್ಪುವುದಿಲ್ಲ. ವೈದ್ಯರಾದ ನನ್ನ ಯಜಮಾನರೂ ಮೊದಲಿನಿಂದ ಹಾಗೇ ಮಾಡುತ್ತ ಬಂದವರು. ಸಂಜೆ ಮಗಳ ತೋಳಿಗೂ ಪಟ್ಟಿ ಬಿಗಿದರು, ಚಾಕು ಹಿಡಿದರು, ಆಮೇಲೆ ಪಟ್ಟಿ ಬಿಚ್ಚಿದರು.

“ಯಾಕ್ರೀ, ತೆಗೆಯಲ್ವಾ?”

“ಇಲ್ಲ. ಮೊದ್ಲೇ ಸೊರಗಿದಾಳೆ. ರಕ್ತ ತೆಗೆದ್ರೆ ತಡ್ಕೊಳಲ್ಲ.”

“ಹಂಗಾದ್ರೆ ಪ್ರ್ಯಾಟ್ ಮನೆ ಹುಡುಗಿ? ಅವಳೇನು ಗಟ್ಟಿಗಿತ್ತೀನಾ?”

ನಿನ್ನೆ ಇದೇ ಜ್ವರದಲ್ಲಿದ್ದ ಆ ಹುಡುಗಿಗೆ ಒಂದು ಬಟ್ಟಲು ತೆಗೆದು, ಬುಧವಾರ ಬೆಳಿಗ್ಗೆ ಇನ್ನೊಂದು ತೆಗೆಯಿರಿ ಎಂದು ಅವಳ ತಂದೆಗೇ ಹೇಳಿಕೊಟ್ಟು ಬಂದಿದ್ದರು.

ಲವೀನಾ ಕಣ್ಣು ತೆರೆಯದೆಯೇ, “ಅಪ್ಪಾ, ಚಾಕು ಇಲ್ವಲ್ಲ, ಮೇಪಲ್ ಸಕ್ಕರೆನಾದ್ರೂ ಕೊಡು” ಎಂದಳು. ಇವರು ನಕ್ಕರು, ಒಂದು ಚೂರು ಕೊಟ್ಟರು, ಕೋಟು ತೊಟ್ಟರು.

“ಪ್ರ್ಯಾಟ್‌ಗೆ ಏನಂತೀರಿ?”

“ಬೇಡ ಅಂತೀನಿ. ಬೈತಾನೆ. ಬೈಲಿ. ಬೆಳಗಾಗೋ ತನಕ ಆ ಹುಡುಗಿ ಪಕ್ಕದಲ್ಲೇ ಕೂತಿರ್ತೀನಿ.”

ಕುದುರೆ ಕೆಸರಿನಲ್ಲಿ ಸದ್ದಿಲ್ಲದೆ ಹೋಯಿತು. ರಕ್ತ ತೆಗೆಯಬಾರದೆಂದು ಇವರಿಗೆ ಹೊಳೆದದ್ದು ವೈದ್ಯನ ಕಣ್ಣಿನಿಂದಲೋ, ಅಪ್ಪನ ಹೆದರಿಕೆಯಿಂದಲೋ, ನನಗೆ ತಿಳಿಯದು. ಎರಡು ಮನೆಯ ಮಕ್ಕಳೂ ಈಗ ಅದನ್ನೇ ನಂಬಿ ಮಲಗಿದ್ದಾರೆ. ಇವಳ ಹಣೆಯ ಬಟ್ಟೆ ಮತ್ತೆ ಒಣಗಿದೆ, ಎದ್ದು ತೋಯಿಸಬೇಕು.