ಕಾವೇರಮ್ಮನವರ ಬಿಳಿ ದಾಸವಾಳ

ಕನಕಪುರ, ಶುಕ್ರವಾರ

ಅಕ್ಕಾ,

ಸಮಸ್ತ ಲೋಕಕ್ಕೂ ತಿಳಿಯಪಡಿಸುವುದೇನೆಂದರೆ, ತೋಟಗಾರಿಕೆ ಬರಹಗಾರರ ಸಮ್ಮೇಳನದವರು ನಿನ್ನ ತಮ್ಮನ ಎದೆಗೆ ಹಸಿರು ರಿಬ್ಬನ್ನಿನ ಬ್ಯಾಡ್ಜ್ ಚುಚ್ಚಿದ್ದಾರೆ. ಅಂಗಿ ತೂತಾಗಿದೆ.

ಮೊಗ್ಗು ಬಿಟ್ಟ ಗಿಡಕ್ಕೆ ಕತ್ತರಿ ತಾಗಿಸಲೇಬಾರದೆಂದು ಬೆಳಿಗ್ಗೆ ಒಬ್ಬ ಪಂಡಿತರು ಉಪನ್ಯಾಸ ಕೊಟ್ಟರು. ಎಲ್ಲರೂ ಭಕ್ತಿಯಿಂದ ಬರೆದುಕೊಂಡೆವು. ಮಧ್ಯಾಹ್ನ ಕಾವೇರಮ್ಮ ಎಂಬವರ ಹಿತ್ತಿಲು ನೋಡಲು ಹೋದರೆ, ಅಲ್ಲಿ ಮೈತುಂಬ ಮೊಗ್ಗು ಹೊತ್ತ ಬಿಳಿ ದಾಸವಾಳ. "ಒಂದೇ ಒಂದು ಕಡ್ಡಿ ಕೊಡಿ ತಾಯಿ" ಎಂದು ಮೊದಲು ಕೈಚಾಚಿದವರು ಅದೇ ಪಂಡಿತರು! ಹಿಂದೆಯೇ ಸಾಲು ನಿಂತಿತು. ಇಲ್ಲ ಎನ್ನಲಾರದೆ ಆಕೆ ಎಲ್ಲರಿಗೂ ಮುರಿದುಕೊಟ್ಟರು. ಗಿಡ ಮೋಟಾಯಿತು. ಕೊನೆಯ ಕಡ್ಡಿಯನ್ನು, ಕೇಳದೆ ನಿಂತಿದ್ದ ನನ್ನ ಕೈಗಿಟ್ಟು, "ತವರಿಂದ ತಂದಿದ್ದು ಸ್ವಾಮಿ. ಇಲ್ಲಿ ಉಳೀತದೋ ಇಲ್ವೋ, ನಿಮ್ಮನೇಲಾದ್ರೂ ಒಸಿ ಉಷಾರಾಗಿ ಬೆಳ್ಸಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೆಮ್ಮು ವಾಸಿ. ಮುದ್ದೆ ಒಗ್ಗಿದೆ.

ಭಾನುವಾರ ಬರುತ್ತೇನೆ. ಅಷ್ಟರಲ್ಲಿ ಒಂದು ಕುಂಡಕ್ಕೆ ಕೆಮ್ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ ತುಂಬಿ ನೆರಳಲ್ಲಿಡು. ಕಡ್ಡಿ ಬೇರು ಬಿಟ್ಟ ಮೇಲೆ ಗಿಡವನ್ನು ಕಾವೇರಮ್ಮನವರಿಗೇ ತಂದುಕೊಡಬೇಕು. ಅಲ್ಲಿಯವರೆಗೆ ದಯವಿಟ್ಟು ನಿನ್ನ ಮೇಕೆಯನ್ನು ಕಟ್ಟಿಹಾಕು.

ಅವಸರದಲ್ಲಿ,
ನಿನ್ನ ತಮ್ಮ ಪುಟ್ಟಸ್ವಾಮಿ