ಬಟ್ಟಲಿನ ಮೇಲಿನ ಹೆಸರು

ಅರಮನೆಯ ಬರಹಶಾಲೆ,
ಏಳನೆಯ ಇಮಿಷ್ ದಿನ, ಯಶ್‌ಕಿನ್ ತಿಂಗಳ ಹದಿನಾಲ್ಕು

ಪ್ರೀತಿಯ ಕಿಬ್ ಅಣ್ಣಾ,

ಉಪ್ಪಿನ ಗದ್ದೆಯಲ್ಲಿ ನಿಂತು ನಿಂತು ಬಿರಿದ ನಿನ್ನ ಕಾಲು ಈಗ ಹೇಗಿದೆ? ಕಳೆದ ಸಲ ಕಳಿಸಿದ ಜೇನುಮೇಣ ಹಚ್ಚಿಕೊಂಡೆಯೋ, ಎಲ್ಲವನ್ನೂ ಅತ್ತಿಗೆಯ ಕಾಲಿಗೇ ಮೆತ್ತಿದೆಯೋ? ನಿನ್ನ ಬುದ್ಧಿ ನನಗೆ ಗೊತ್ತು. ಅಮ್ಮ ಇಷ್ಟರಲ್ಲಿ ನಿನ್ನ ಮನೆ ತಲುಪಿರಬೇಕು. ಔತಣ ಚೆನ್ನಾಗಿತ್ತು ಎಂದಷ್ಟೇ ಹೇಳಿರುತ್ತಾಳೆ. ನಡೆದದ್ದನ್ನು ನಾನು ಹೇಳುತ್ತೇನೆ. ಬರೆಯಲು ನಾಚಿಕೆಯಾಗುತ್ತಿದೆ.

ಅರಸರು ನನ್ನ ಹಣೆಗೆ ಬಿಳಿಪಟ್ಟಿ ಕಟ್ಟಿ ಪುಸ್ತಕಗಳ ಯಜಮಾನಿಕೆ ಕೊಟ್ಟ ದಿನವೇ ಅಮ್ಮ ಬಂದಳು. ಆರು ದಿನ ನಡೆದಿದ್ದಳು. ಬೆನ್ನ ಮೇಲೆ ಜೋಳದ ಹೊರೆ, ಹಣೆಯಲ್ಲಿ ಹೊರೆಯ ಪಟ್ಟಿ ಒತ್ತಿ ಒತ್ತಿ ಬಿದ್ದ ಗುಳಿ. ಅಂಗಳದ ತುಂಬ ದೊಡ್ಡ ಮನೆತನದವರು. ಜೋಳ ಬೆಳೆಯುವವರ ಮಗ ಬರೆಯುವ ಕುಂಚ ಹಿಡಿಯುವಂತಿಲ್ಲವಲ್ಲ. ಮಕ್ಕಳಿಲ್ಲದ ಗುರುಗಳು ನನ್ನನ್ನು ಸ್ವಂತ ಮಗನೆಂದು ಹೇಳಿಯೇ ಸಾಕಿದ್ದು. ಈಕೆ ಯಾರು ಎಂದು ಒಬ್ಬರು ಕೇಳಿದರು. ಕೊಕೊ ಪಾನಕಕ್ಕೆ ನೊರೆ ಬರಿಸಲು ಕರೆಸಿದ ಹೆಂಗಸು ಎಂದೆ. ನನ್ನ ಬಾಯಿ ತಡವರಿಸಲೂ ಇಲ್ಲ ಅಣ್ಣಾ. ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು, ಹೊರೆ ಇಳಿಸಿ ಸೀದಾ ಅಡುಗೆಯವರ ಕಡೆ ಹೋದಳು. ಎತ್ತರದಿಂದ ಸುರಿದು ಸುರಿದು ಎಂಥ ನೊರೆ ಬರಿಸಿದಳು ಗೊತ್ತೇ? ಜೀವಮಾನದಲ್ಲಿ ಒಂದು ಗುಟುಕು ಕುಡಿದವಳಲ್ಲ. ಅತಿಥಿಗಳು ಹೊಗಳಿದ್ದೇ ಹೊಗಳಿದ್ದು. ನನ್ನ ಸರದಿ ಬಂದಾಗ ತಲೆ ತಗ್ಗಿಸಿ, “ತಗೊಳ್ಳಿ ಬುದ್ಧಿ” ಅಂದಳು. ನನ್ನ ಮಾನ ಕಾಯಲೆಂದೇ ಹಾಗೆ ಅಂದಳು. ನಾನು ಕೈಚಾಚಿ ನನ್ನ ಬಟ್ಟಲು ತೆಗೆದುಕೊಂಡು ಕುಡಿದೆ.

ಎಲ್ಲರೂ ಹೋದ ಮೇಲೆ ಅದೇ ಬಟ್ಟಲನ್ನು ತೊಳೆದು ಬಿಸಿಲಿಗೆ ಹಿಡಿದಳು. ಓಕ್, ಇಂಥವರ ಮಗ, ಇಂಥವಳ ಮಗ ಎಂದು ಅದರ ಅಂಚಿನ ಸುತ್ತ ನಾನೇ ಬರೆದಿದ್ದೆ. “ಎಷ್ಟು ಚೆಂದ ಬರ್ದಿದೀಯ ಮಗ. ಇದ್ರಾಗೆ ನನ್ ಹೆಸ್ರು ಯಾವ್ದು?” ಎಂದು ಕೇಳಿದಳು. ಅಲ್ಲಿದ್ದದ್ದು ತೀರಿಹೋದ ಗುರುಪತ್ನಿಯ ಹೆಸರು. ಅದನ್ನೇ ತೋರಿಸಿದೆ. ಅಮ್ಮ ಒದ್ದೆ ಬೆರಳಿನಿಂದ ಅದನ್ನು ಮೂರು ನಾಲ್ಕು ಸಲ ತಿದ್ದಿ, “ನನ್ ಹೆಸ್ರು ಇಷ್ಟುದ್ದ ಐತಾ?” ಎಂದು ನಕ್ಕಳು. ನಂಬಿದಳೋ, ನಂಬಿದ ಹಾಗೆ ಮಾಡಿದಳೋ ತಿಳಿಯದು. ಉಳಿದುಕೋ ಎನ್ನುವಷ್ಟು ಮುಖ ನನಗೆ ಉಳಿದಿರಲಿಲ್ಲ. ನನ್ನಂಥ ಹೇಡಿ ನಮ್ಮ ವಂಶದಲ್ಲಿ ಹುಟ್ಟಿರಲಿಲ್ಲ ಅಣ್ಣಾ.

ಅತ್ತಿಗೆಗೆ ನಮಸ್ಕಾರ ಹೇಳು. ಮಕ್ಕಳು ಬರಿಗಾಲಲ್ಲಿ ಉಪ್ಪುನೀರಿಗೆ ಇಳಿಯದಂತೆ ನೋಡಿಕೋ. ಅವು ನೂರು ಕೊಯ್ಲು ಕಾಣಲಿ.

ನಿನ್ನ ತಮ್ಮ,
ಓಕ್

ಅವಸರದಲ್ಲಿ ಇದೊಂದು: ನಿಮ್ಮ ಕಡೆ ಓದು ಬಲ್ಲವರು ಅರಸರು ನೇಮಿಸಿದ ಉಪ್ಪಿನ ಅಧಿಕಾರಿ ಒಬ್ಬರೇ. ಅವರು ತಿಳಿದದ್ದನ್ನು ಅರಮನೆಗೆ ಮುಟ್ಟಿಸದೆ ಬಿಡುವವರಲ್ಲ. ಬಿಳಿಪಟ್ಟಿ ಹೋಗುತ್ತದೆ, ಬೆರಳುಗಳೂ ಹೋಗಬಹುದು. ಆದರೂ ಅವರಿಂದಲೇ ಓದಿಸು. ಊರಿನವರ ಮುಂದೆ, ಗಟ್ಟಿಯಾಗಿ. ಅಮ್ಮ ಸಾಕು ನಿಲ್ಲಿಸಿ ಅನ್ನುತ್ತಾಳೆ, ನಿಲ್ಲಿಸಲು ಬಿಡಬೇಡ. ಇದನ್ನೆಲ್ಲ ಪತ್ರ ತರುವವನ ಬಾಯಲ್ಲೂ ಹೇಳಿ ಕಳಿಸಿದ್ದೇನೆ. ಓದುತ್ತಿರುವ ಅಯ್ಯಾ, ನಿಮ್ಮೆದುರು ಕೂತಿರುವ ಇಶ್ ಮೋ ನನ್ನನ್ನು ಹೆತ್ತ ತಾಯಿ. ದಯವಿಟ್ಟು ಈ ಸಾಲನ್ನು ಇನ್ನೊಂದು ಸಲ ಓದಿ.