ಬರೆದಿದ್ದೆಲ್ಲ ತನ್ನದೇ

ತಮ್ಮಾ ಚಂದ್ರಾ,

ನೀನೆಲ್ಲಿದ್ದೀಯೋ ಗೊತ್ತಿಲ್ಲ. ಆದರೂ ಈ ಸಂತೋಷವನ್ನು ನಿನಗೇ ಹೇಳಬೇಕು.

ನಿನ್ನ ಸೋದರಸೊಸೆ ಸುಹಾಸಿನಿ ಇಂದು ಆದೋನಿಯಲ್ಲಿ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆದಳು. ಕೋಚಿಂಗಿನ ಗೆಳತಿಯೊಬ್ಬಳು ಪರೀಕ್ಷೆಯಲ್ಲಿ ಕದ್ದು ಉತ್ತರ ಹೇಳಿಕೊಡುವವರನ್ನು ಹುಡುಕಿ, ಇವಳನ್ನೂ ಜೊತೆಗೆ ಸೇರಲು ಕರೆದಿದ್ದಳಂತೆ. ನಿನ್ನೆ ಊಟ ಬಿಟ್ಟು ಕೂತವಳು ಕೊನೆಗೆ ಎಲ್ಲ ಹೇಳಿ ಕೇಳಿದಳು, "ಸೀಟು ಬರ್ಲಿಲ್ಲಂದ್ರ ಬೈತೀಯೇನಪ್ಪಾ?"

"ಯಾಕ ಬೈಲಿ? ಮುಂದಿನ ವರ್ಷ ಬರಿ, ಇಲ್ಲಾಂದ್ರ ಬ್ಯಾರೆ ಓದು. ಕದ್ದು ಮಾತ್ರ ಬರೀಬ್ಯಾಡವ್ವ. ಮೊದ್ಲು ಉಣ್ಣು," ಎಂದರು ನಿನ್ನ ಭಾವ.

ಅವಳು ಆಗಲೇ ಗೆಳತಿಗೆ ಫೋನ್ ಮಾಡಿ ಒಲ್ಲೆ ಅಂದಳು. ಆಮೇಲೆ ಹೊಟ್ಟೆ ತುಂಬ ರೊಟ್ಟಿ ತಿಂದಳು!

ಇಂದು ಪರೀಕ್ಷೆ ಮುಗಿಸಿ ಓಡಿಬಂದು ನನ್ನನ್ನು ಅಪ್ಪಿಕೊಂಡಳು. "ಅಮ್ಮಾ, ಫಿಸಿಕ್ಸ್ ಭಾಳ ಕಷ್ಟ ಇತ್ತು! ಆದ್ರ ಬರೆದಿದ್ದೆಲ್ಲ ನಂದೇ!"

ನೀನು ಇಂಥದೇ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದು, ಮನೆಗೆ ಬಾರದೆ ಹೋದೆಯಲ್ಲ, ಅಂದು ಬೆಳಿಗ್ಗೆ ನಮ್ಮಪ್ಪ ನಿನಗೆ ಹೇಳಿದ್ದು ಬೇರೆ: "ಸೀಟು ಇಲ್ದ ಹೊಸ್ತಿಲು ತುಳೀಬ್ಯಾಡ."

ನಾವು ಮೂವರೂ ನಗುತ್ತಾ ಹೋಟೆಲಿಗೆ ಹೋದೆವು. ನಾನು ನಾಲ್ಕು ಪ್ಲೇಟ್ ಉಗ್ಗಾಣಿ ಬಜ್ಜಿ ಹೇಳಿಬಿಟ್ಟೆ. ನಾಲ್ಕನೆಯದು ಯಾರಿಗೆಂದು ಅವರಿಬ್ಬರೂ ಕೇಳಲಿಲ್ಲ.

ನಿನ್ನ ಅಕ್ಕ,
ರಾಮಲಕ್ಷ್ಮಿ